ದುಬಾರಿ ಕೈಚೀಲ ಕೊಳ್ಳುವುದೇಕೆ?

ಅಮೆರಿಕದ ಕಪ್ಪು ಮಹಿಳೆಯರು ಹೆಸರಾಂತ ಕಂಪೆನಿಗಳ ಉಡುಪು, ಕೈಚೀಲಗಳಿಗೆ ಮಿತಿಮೀರಿ ಖರ್ಚು ಮಾಡುತ್ತಾರೆ, ಉಳಿತಾಯದ ಬೆಲೆ ಅವರಿಗೆ ತಿಳಿಯದು ಎಂಬ ಟೀಕೆ ಹಳೆಯದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಅವಸರದ ತೀರ್ಪೆಂದು ತೋರುತ್ತದೆ.

ಕೆರ್ವಿನ್ ಚಾರ್ಲ್ಸ್, ಎರಿಕ್ ಹರ್ಸ್ಟ್ ಮತ್ತು ನಿಕೊಲಾಯ್ ರುಸಾನೊವ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರಿಸಮಾನ ಆದಾಯದ ಬಿಳಿಯ ಕುಟುಂಬಗಳಿಗಿಂತ ಕಪ್ಪು ಕುಟುಂಬಗಳು ಉಡುಪು, ಒಡವೆ, ಕಾರುಗಳಂಥ ಕಣ್ಣಿಗೆ ಬೀಳುವ ವಸ್ತುಗಳ ಮೇಲೆ ಸುಮಾರು ಶೇ 30ರಷ್ಟು ಹೆಚ್ಚು ವ್ಯಯಿಸುತ್ತಿದ್ದವು. ಟೀಕಾಕಾರರು ಇಷ್ಟಕ್ಕೇ ಓದು ನಿಲ್ಲಿಸುತ್ತಾರೆ. ಬಡ ಬಿಳಿಯರ ನಡುವೆ ಬಾಳುವ ಬಿಳಿಯರೂ ಹೀಗೆಯೇ ಖರ್ಚು ಮಾಡುತ್ತಾರೆಂಬುದು ಅದೇ ಅಧ್ಯಯನದ ಮುಂದಿನ ಮಾತು. ತನ್ನ ಸಮುದಾಯ ಬಡವೆಂದು ನೋಡುವವರು ಮೊದಲೇ ತೀರ್ಮಾನಿಸಿರುವಾಗ, ತಾನು ಹಾಗಲ್ಲವೆಂದು ಅಪರಿಚಿತರಿಗೆ ತೋರಿಸಿಕೊಳ್ಳುವ ಅಗತ್ಯ ಹೆಚ್ಚುತ್ತದೆ. ಬ್ಯಾಂಕಿನ ಪಾಸ್‌ಪುಸ್ತಕವನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಓಡಾಡಲಾಗದಷ್ಟೆ!

ಚೆಲುವಿನ ಮೋಹದಿಂದಲೇ ಕೊಳ್ಳುವವರೂ ಇದ್ದಾರು. ಅದಕ್ಕೆ ಅವರು ಯಾರಿಗೂ ಸಮಜಾಯಿಷಿ ಕೊಡಬೇಕಾದ್ದಿಲ್ಲ. ಉಳಿದವರ ಲೆಕ್ಕಾಚಾರ ಬರಿಯ ಭ್ರಮೆಯೇ? ಸಮಾಜಶಾಸ್ತ್ರಜ್ಞೆ ಟ್ರೆಸ್ಸಿ ಮ್ಯಾಕ್‌ಮಿಲನ್ ಕಾಟಮ್ 2013ರ ಲೇಖನವೊಂದರಲ್ಲಿ ತಮ್ಮ ತಾಯಿಯನ್ನು ನೆನೆದಿದ್ದಾರೆ. ಮೊಮ್ಮಗಳನ್ನು ಸಾಕುತ್ತಿದ್ದ ನೆರೆಮನೆಯ ವೃದ್ಧೆಗೆ ಸಲ್ಲಬೇಕಾದ ಸರ್ಕಾರಿ ನೆರವು ವರ್ಷ ಮೀರಿದರೂ ಸಿಕ್ಕಿರಲಿಲ್ಲ. ಒಳ್ಳೆಯ ಉಡುಪು ಧರಿಸಿ, ಮುತ್ತಿನ ಓಲೆ ತೊಟ್ಟು, ಶುದ್ಧ ಇಂಗ್ಲಿಷ್ ಮಾತಾಡುತ್ತ ಜೊತೆಗೆ ಹೋದ ಆ ತಾಯಿ ಅರ್ಧ ದಿನದಲ್ಲಿ ಕೆಲಸ ಮುಗಿಸಿಕೊಟ್ಟರು. ಮೇಜಿನ ಈಚೆ ವರ್ಷಗಟ್ಟಲೆ ಕುಳಿತಿದ್ದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಯಾರಿಗೆ ಕುರ್ಚಿ, ಯಾರಿಗೆ ‘ನಾಳೆ ಬನ್ನಿ’ ಎಂಬುದನ್ನು ನಮ್ಮ ಕಚೇರಿಗಳಲ್ಲೂ ಬಟ್ಟೆ ನೋಡಿ ನಿರ್ಧರಿಸುವುದುಂಟು. ಜವಾನನಿಗೆ ಅದನ್ನು ಯಾರೂ ಕಲಿಸಿಕೊಡಬೇಕಿಲ್ಲ.

ಆದರೆ ಈ ಹೂಡಿಕೆ ಯಾವಾಗಲೂ ಫಲ ಕೊಡದು. ನ್ಯೂಯಾರ್ಕಿನ ಬಾರ್ನೀಸ್ ಮಳಿಗೆಯಲ್ಲಿ 2,500 ಡಾಲರ್‌ಗಳ ಕೈಚೀಲ ಕೊಂಡು ಹೊರಬಂದ ಕಪ್ಪು ಯುವತಿಯೊಬ್ಬಳು, ಮಫ್ತಿ ಪೊಲೀಸರು ತನ್ನನ್ನು ತಡೆದು ವಿಚಾರಿಸಿದರೆಂದು 2013ರಲ್ಲಿ ದೂರಿದಳು. ರಾಜ್ಯದ ಅಟಾರ್ನಿ ಜನರಲ್ ನಡೆಸಿದ ತನಿಖೆಯ ನಂತರ, 2014ರಲ್ಲಿ ಮಳಿಗೆ 5,25,000 ಡಾಲರ್ ತೆರಲು ಒಪ್ಪಿ ರಾಜಿ ಮಾಡಿಕೊಂಡಿತು. ಕೈಚೀಲ ಇಲ್ಲದಿದ್ದರೆ ಬಡವಳು, ಇದ್ದರೆ ಕಳ್ಳಿ!

ಕಣ್ಣಿಗೆ ಬೀಳುವ ವಸ್ತುಗಳಿಗೆ ಹೋದ ಹಣ ಉಳಿತಾಯಕ್ಕೂ ಇತರ ಅಗತ್ಯಗಳಿಗೂ ಕತ್ತರಿ ಹಾಕುತ್ತದೆ. ಅದರ ಪೆಟ್ಟು ಮಕ್ಕಳವರೆಗೂ ತಟ್ಟುತ್ತದೆ. ಇದನ್ನು ನಾನು ಲಘುವಾಗಿ ಕಾಣುತ್ತಿಲ್ಲ. ಆದರೆ ಆಕೆಗೆ ಮಿತವ್ಯಯದ ಉಪದೇಶ ಮಾಡುವವರು, ಸಾಧಾರಣ ಉಡುಪಿನಲ್ಲಿ ಹೋದ ದಿನ ಆಕೆಯ ಅರ್ಜಿಯನ್ನು ಯಾರು, ಎಷ್ಟು ಹೊತ್ತಿಗೆ ಕೈಗೆತ್ತಿಕೊಂಡರೆಂದು ಮೊದಲು ವಿಚಾರಿಸಲಿ.