ಡಿಕಾಕ್ಷನ್ ಅಲ್ಲ, ಹೊಗೆಸೊಪ್ಪಿನ ಕಷಾಯ!

"ದಾಸವಾಳದ ಮೊಗ್ಗಿಗೆಲ್ಲಾ ಹೇನು ಮುತ್ತಿದೆ, ಹೊಗೆಸೊಪ್ಪಿನ ಕಷಾಯದ ಅಳತೆ ತಿಳಿಸಿ" ಎಂದು ಸೋದರಿಯೊಬ್ಬರು ಬರೆದಿದ್ದಾರೆ. ಅಳತೆ ನನಗೆ ಬಾಯಿಪಾಠ. ಆದರೂ ಬರೆಯುವುದಿಲ್ಲ. ಯಾಕೆ ಅಂತ ಕೇಳಿ.

ಹತ್ತು ವರ್ಷದ ಹಿಂದೆ ನಾನೂ ಅದನ್ನೇ ಮಾಡುತ್ತಿದ್ದೆ. ಅತ್ತೆಯವರ ಎಲೆಯಡಿಕೆ ತಟ್ಟೆಯಲ್ಲಿ ಉಳಿದ ಹೊಗೆಸೊಪ್ಪಿನ ಕಡ್ಡಿ, ಪುಡಿ ಕೂಡಿಟ್ಟು, ನೆನೆಸಿ, ಕುದಿಸಿ, ಸೋಸಿ, ಎಲೆಗೆ ಅಂಟಲಿ ಅಂತ ಚೂರು ಬಟ್ಟೆ ಸೋಪು ಕರಗಿಸಿ ಎರಚಿದರೆ ಹೇನೆಲ್ಲಾ ಉದುರುತ್ತಿದ್ದವು. ಒಂದು ದಿನ ಉಳಿದದ್ದನ್ನು ಗಾಜಿನ ಸೀಸೆಗೆ ಹಾಕಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಬಣ್ಣ ಥೇಟ್ ಕಾಫಿ ಡಿಕಾಕ್ಷನ್! ಸಂಜೆ ನಾನು ಜಗಲಿಯಲ್ಲಿ ಹೂ ಕಟ್ಟುತ್ತಿದ್ದೆ. ಯಜಮಾನರು ಆಫೀಸಿನಿಂದ ಬಂದರೆಂದು ಅತ್ತೆಯವರೇ ಹಾಲು ಕಾಯಿಸಿ, ಆ ಸೀಸೆಯಿಂದಲೇ ಲೋಟಕ್ಕೆ ಬಗ್ಗಿಸಿದರಂತೆ. ಸದ್ಯ, ಹೊಗೆಸೊಪ್ಪು ಪಳಗಿದ ಮೂಗು ಅವರದು. "ಏನೇ ಇದು, ಡಿಕಾಕ್ಷನ್ ಹೀಗೆ ನಾರುತ್ತೆ?" ಅಂತ ಕೂಗಿದರು. ನನ್ನ ಕೈಲಿದ್ದ ಹೂವು ಅಲ್ಲೇ ಬಿತ್ತು.

ಆ ಲೋಟದಲ್ಲಿದ್ದದ್ದು ನಿಕೋಟಿನ್. ೧೮೨೮ರಲ್ಲಿ ಜರ್ಮನಿಯ ಪೋಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ತಂಬಾಕಿನಿಂದ ಇದನ್ನು ಮೊದಲು ಬೇರ್ಪಡಿಸಿದರು. ಗಿಡ ಇದನ್ನು ಬೇರಿನಲ್ಲಿ ತಯಾರಿಸಿ ಎಲೆಗೆ ಕಳಿಸುತ್ತೆ. ಹುಳು ತಿನ್ನದಂತೆ ಅದಕ್ಕದು ಕಾವಲು. ಹುಳುವಿನ ನರಕ್ಕೆ ಹತ್ತುವ ವಿಷ ನಮ್ಮ ನರಕ್ಕೂ ಹತ್ತುತ್ತದೆ. ಒಂದು ಸಿಗರೇಟಿನಲ್ಲಿ ಸುಮಾರು ೧೦ ಮಿಲಿಗ್ರಾಂ ಇದ್ದರೂ ಸೇದಿದವರ ಮೈಗೆ ಸೇರೋದು ಒಂದೆರಡು ಮಿಲಿಗ್ರಾಂ. ಕಷಾಯದಲ್ಲಿ ಹಾಗಲ್ಲ, ನೀರಿಗೆ ಇಳಿದದ್ದೆಲ್ಲಾ ನೇರ ಹೊಟ್ಟೆಗೆ. ಎಷ್ಟು ಇಳಿದಿದೆ ಅಂತ ಹೇಳುವವರಾರು? ಒಂದೊಂದು ಸೊಪ್ಪಿನ ಖಾರ ಒಂದೊಂದು ಥರ. ಸೋಪಿನ ಕ್ಷಾರ ಬೇರೆ ಅದರ ಕಾವು ಏರಿಸುತ್ತೆ. ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ಹಾಕಿಕೊಂಡರೆ ಬೇಗ ತಲೆಗೇರುವ ಗುಟ್ಟೂ ಇದೇ ಕಣ್ರೀ.

ಕುಡಿಯಲೇಬೇಕೆಂದಿಲ್ಲ, ಚರ್ಮದಿಂದಲೂ ಒಳಗಿಳಿಯುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಯುತ್ತಾರಲ್ಲ, ಇಬ್ಬನಿ ಇಲ್ಲವೇ ಮಳೆಯಲ್ಲಿ ನೆಂದ ಹಸಿ ಎಲೆ ಮುರಿದು ಹೊರುವವರಿಗೆ ತಲೆಸುತ್ತು, ವಾಂತಿ, ಸುಸ್ತು ಬರುವುದುಂಟು. ಒಂದು ಬೀಡಿ ಸೇದದ ಹೆಂಗಸರಿಗೂ! ಹಸಿರು ತಂಬಾಕಿನ ಕಾಯಿಲೆ ಅಂತಲೇ ಇದಕ್ಕೆ ಹೆಸರು. ಮಕ್ಕಳ ತಲೆಹೇನಿಗೆ ಈ ಕಷಾಯ ಹಚ್ಚುವ ತಾಯಂದಿರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಕೆರೆದು ಗಾಯವಾದ ತಲೆಯಲ್ಲಿ ಇನ್ನೂ ಬೇಗ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುತ್ತಿದ್ದ ನಿಕೋಟಿನ್ ಸಲ್ಫೇಟ್ ಔಷಧಿಯ ಬಳಕೆಯನ್ನು ಸರ್ಕಾರವೇ ೧೯೯೨ರಲ್ಲಿ ನಿಷೇಧಿಸಿದೆ.

ಯಾರಾದರೂ ತಪ್ಪಿ ಕುಡಿದರೆ ಜೊಲ್ಲು, ಬೆವರು, ವಾಂತಿ, ನಡುಕ ಶುರುವಾಗಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಸೀಸೆಯ ಸಮೇತ ಕೂಡಲೇ ಆಸ್ಪತ್ರೆಗೆ ಓಡಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಧಾರಾಳವಾಗಿ ನೀರು ಸುರಿದು ತೊಳೆಯಿರಿ.

ಇನ್ನೊಂದು ಮಾತು. ಟೊಮೆಟೊ, ಮೆಣಸಿನಕಾಯಿ ಗಿಡವಿದ್ದರೆ ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಅವನ್ನು ಮುಟ್ಟಲೇಬಾರದು. ತಂಬಾಕಿನ ಮೊಸಾಯಿಕ್ ರೋಗದ ವೈರಸ್ ಕೈಯಿಂದಲೇ ಅಂಟುತ್ತದೆ.

ಹಾಗಾದರೆ ದಾಸವಾಳಕ್ಕೇನು? ಮೊದಲು ಪೈಪಿನಲ್ಲಿ ಜೋರಾಗಿ ನೀರು ಹೊಡೆಯಿರಿ, ಅರ್ಧಕ್ಕರ್ಧ ಹೇನು ಅಲ್ಲೇ ಉದುರುತ್ತವೆ. ಮಿಕ್ಕಿದ್ದಕ್ಕೆ ಬೇವಿನ ಬೀಜದ ತಿರುಳು ೫೦ ಗ್ರಾಂ ಜಜ್ಜಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚಿಟಿಕೆ ಸೋಪು ಕರಗಿಸಿ ಸಂಜೆ ಹೊತ್ತು ಎರಚಿ. ವಾರಕ್ಕೊಂದು ಸಲ, ಎರಡು ಮೂರು ವಾರ. ಇದು ಹೊಗೆಸೊಪ್ಪಿನಷ್ಟು ಚುರುಕಲ್ಲ, ಸ್ವಲ್ಪ ತಾಳ್ಮೆ ಬೇಕು. ಬಣ್ಣ ಮಾತ್ರ ಮಜ್ಜಿಗೆಯ ಹಾಗೆ ಬೆಳ್ಳಗಿರುತ್ತೆ, ಅದಕ್ಕೇ ನಾನು ಹಿತ್ತಲಲ್ಲೇ ಸೋಸಿ ಅಲ್ಲೇ ಖಾಲಿ ಮಾಡಿ ಒಳಗೆ ಬರುತ್ತೇನೆ.