‘ಅಂತೆ’ ಎಂಬ ಮಾತಿನ ಬೆಲೆ

ಬಿಸಿಲಿನಲ್ಲಿ ನಿಂತ ಮರದ ಎಲೆಗಳು ಮಂಜು ಕವಿದಂತೆ ಬೆಳ್ಳಗೆ, ಮೇಲಿನ ಆಕಾಶ ಇದ್ದಿಲಿನಂತೆ ಕಪ್ಪಗೆ: ‘ಇನ್‌ಫ್ರಾರೆಡ್’ ಎಂಬ ಹೆಸರಿನ ಇಂಥ ಚಿತ್ರಗಳನ್ನು ನೀವು ನೋಡಿರುತ್ತೀರಿ. ಕಪ್ಪುಬಿಳುಪು ಫಿಲ್ಮಿಗೆ ಫಿಲ್ಟರು ತೊಡಿಸಿ ಈ ನೋಟವನ್ನು ಸಾಧಿಸಲೆಳಸುವವರೂ ಇದ್ದಾರೆ. ಅವರ ಚಿತ್ರಗಳಿಗೆ ಯಾವ ಹೆಸರು ಸಲ್ಲಬೇಕೆಂಬ ಪ್ರಶ್ನೆ ತಂತ್ರಜ್ಞರಿಗಷ್ಟೇ ಸೇರಿದ್ದಲ್ಲ; ಅಲಂಕಾರಶಾಸ್ತ್ರ ಓದುವ ನಿಮಗೂ ಸೇರಿದ್ದು.

ಮೊದಲು ಶಬ್ದವನ್ನೇ ನೋಡೋಣ. ಕನ್ನಡದಲ್ಲಿ ಅದು ಅವಗೆಂಪು, ಮರಾಠಿಯಲ್ಲಿ ಅವರಕ್ತ. ಎರಡೂ ನುಡಿಗಳ ಪಾಠಪುಸ್ತಕ ಹಿಡಿದು ಬೆಳೆದ ಗಡಿಯವರಿಗೆ ಅರ್ಥ ಒಡನೆಯೇ ಹೊಳೆಯುತ್ತದೆ: ಕಂಪನಸಂಖ್ಯೆಯಲ್ಲಿ ಕೆಂಪಿಗಿಂತ ಕೆಳಗಿನದು. ನಮ್ಮ ಕಣ್ಣಿನ ಎಲ್ಲೆ ಸುಮಾರು 700 ನ್ಯಾನೊಮೀಟರು, ಅವಗೆಂಪು ಅದರಾಚೆಯದು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಆ ಬೆಳಕಿನಲ್ಲಿ ತೆಗೆದ ಭೂದೃಶ್ಯಗಳನ್ನು 1910ರಲ್ಲಿ ಪ್ರಕಟಿಸಿದರು. ಎಲೆಯೊಳಗಿನ ಕೋಶರಚನೆ ಅವಗೆಂಪನ್ನು ಬಹುವಾಗಿ ಪ್ರತಿಫಲಿಸುವುದರಿಂದ ಎಲೆ ಬಿಳುಪಾಗುತ್ತದೆ. ನಿರ್ಮಲ ಆಕಾಶದಲ್ಲಿ ಆ ಬೆಳಕು ಅತ್ಯಲ್ಪವಾಗಿ ಚದುರುವುದರಿಂದ ಆಕಾಶ ಕಪ್ಪಾಗುತ್ತದೆ. ಎಲೆಯ ಈ ಬಿಳುಪಿಗೆ ‘ವುಡ್ ಪರಿಣಾಮ’ವೆಂದೇ ಹೆಸರಾಯಿತು.

ಸಾಮಾನ್ಯ ಕಪ್ಪುಬಿಳುಪು ಫಿಲ್ಮು ಹೆಚ್ಚುಕಡಿಮೆ 650 ನ್ಯಾನೊಮೀಟರಿನಲ್ಲೇ ಕುರುಡಾಗುತ್ತದೆ. ಅದಕ್ಕೆ 25ನೆಯ ಸಂಖ್ಯೆಯ ಕೆಂಪು ಫಿಲ್ಟರು ಹಾಕಿದರೆ ಆಕಾಶ ಕಪ್ಪಾಗುತ್ತದೆ, ಮೋಡ ಎದ್ದು ಕಾಣುತ್ತದೆ. ಎಲೆ ಮಾತ್ರ ಬಿಳುಪಾಗದು. ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ನಮ್ಮೂರ ಬೇವಿನ ಮರ ಇನ್ನಷ್ಟು ಕಪ್ಪಾಗಲೂಬಹುದು. ಕೊಡಾಕ್ ಕಂಪನಿ ತನ್ನ ಇನ್‌ಫ್ರಾರೆಡ್ ಫಿಲ್ಮನ್ನು 2007ರಲ್ಲಿ ನಿಲ್ಲಿಸಿತು. ಇಂದು ಸಿಗುವ ಇಲ್‌ಫರ್ಡ್ ಎಸ್‌ಎಫ್‌ಎಕ್ಸ್ 200 ಸುಮಾರು 740ರವರೆಗೆ ಕಾಣಬಲ್ಲದು. ಅದಕ್ಕೆ 720ರ ಫಿಲ್ಟರು ತೊಡಿಸಿದರೆ ಎಲೆ ತಿಳಿಯಾಗತೊಡಗುತ್ತದೆ. ಆ ಗಾಜು ಕಣ್ಣಿಗೆ ಬಹುತೇಕ ಕಪ್ಪು. ಆದ್ದರಿಂದ ಕ್ಯಾಮರಾವನ್ನು ಟ್ರೈಪಾಡಿನ ಮೇಲಿರಿಸಿ, ಚೌಕಟ್ಟನ್ನೂ ಫೋಕಸನ್ನೂ ಮೊದಲೇ ನಿಶ್ಚಯಿಸಿ, ಬಳಿಕ ಫಿಲ್ಟರು ತೊಡಿಸಿ ದೀರ್ಘ ಎಕ್ಸ್‌ಪೋಷರ್ ಕೊಡಬೇಕು.

ಹಾಗಾದರೆ ಕೆಂಪು ಫಿಲ್ಟರಿನ ಅರೆಸಿದ್ಧಿ ಕೀಳೇ? ಖಂಡಿತ ಅಲ್ಲ. 1927ರಲ್ಲಿ ಆನ್ಸೆಲ್ ಆಡಮ್ಸ್ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರಿನಿಂದ ಸೆರೆಹಿಡಿದರು. ತೃಪ್ತಿಯಾಗದೆ, ಉಳಿದಿದ್ದ ಒಂದೇ ಪ್ಲೇಟಿಗೆ ಗಾಢ ಕೆಂಪು ಫಿಲ್ಟರು ಬಳಸಿದರು. ಕಪ್ಪು ಆಕಾಶದೆದುರು ಬಂಡೆ ಗಂಭೀರವಾಗಿ ಎದ್ದುನಿಂತಿತು. ಅದು ಅವಗೆಂಪಿನ ಚಿತ್ರವಲ್ಲ, ಆಗಬೇಕಾಗಿಯೂ ಇರಲಿಲ್ಲ. ಫಿಲ್ಟರು ಚಿತ್ರಕ್ಕೆ ಏನನ್ನೂ ಸೇರಿಸುವುದಿಲ್ಲ, ಬೆಳಕಿನ ಒಂದು ಭಾಗವನ್ನು ತಡೆಯುತ್ತದೆ. ಏನನ್ನು ಬಿಡಬೇಕೆಂಬುದನ್ನು ಮುಂಚೆಯೇ ಬಲ್ಲವನಿಗೇ ಅದು ಒದಗುತ್ತದೆ.

ನನ್ನ ತಕರಾರು ಹೆಸರಿನ ಬಗ್ಗೆ. ಕೆಂಪು ಫಿಲ್ಟರಿನ ಚಿತ್ರ ಅವಗೆಂಪಿಗೊಂದು ಉಪಮೆ. ಉಪಮೆಯಲ್ಲಿ ‘ಅಂತೆ’ ಎಂಬ ವಾಚಕ ಪ್ರಾಮಾಣಿಕವಾಗಿ ನಿಂತಿರುತ್ತದೆ. ಅದರಿಂದ ಕಾವ್ಯದ ಸೊಬಗು ಕುಂದದು. ಅಡಿಬರಹದಲ್ಲಿ ‘ಅವಗೆಂಪಿನಂತೆ’ ಎಂದರೆ ಚಿತ್ರದ ಗೌರವವೂ ಕುಂದದು. ‘ಅವಗೆಂಪು’ ಎಂದೇ ಬರೆದರೆ ನೋಡುವವರನ್ನು ಭ್ರಾಂತಿಗೆ ನೂಕಿದಂತಾಯಿತು. ಭ್ರಾಂತಿಮದಲಂಕಾರದಲ್ಲಿಯೂ ಭ್ರಮಿಸುವುದು ಪಾತ್ರ, ಓದುಗನಲ್ಲ. ಆ ಅಡಿಬರಹವನ್ನು ನಂಬಿದ ತರುಣನೊಬ್ಬ ಸಾಮಾನ್ಯ ಫಿಲ್ಮಿನ 36 ಚಿತ್ರಗಳನ್ನೂ ಬಿಳಿಯೆಲೆಯ ನಿರೀಕ್ಷೆಯಲ್ಲಿ ಕಳೆದುಕೊಳ್ಳುತ್ತಾನೆ. ಕೊನೆಗೆ ತನ್ನ ಕೈಯನ್ನೇ ದೂಷಿಸಿಕೊಳ್ಳುತ್ತಾನೆ.

ಆದ್ದರಿಂದ ಪ್ರದರ್ಶನಕ್ಕೆ ಚಿತ್ರವಿಡುವಾಗ ಕೆಳಗೆ ಫಿಲ್ಮಿನ ಹೆಸರನ್ನೂ ಫಿಲ್ಟರಿನ ಸಂಖ್ಯೆಯನ್ನೂ ಬರೆಯಿರಿ. ಒಂದೇ ಸಾಲು ಸಾಕು. ಪದಕ್ಕೆ ಪದಾರ್ಥ ಹೊಂದಬೇಕೆಂದು ತರಗತಿಯಲ್ಲಿ ಕಲಿಯುವವರು ಅಷ್ಟನ್ನಾದರೂ ಪಾಲಿಸಬೇಕು.