ಮರಿ ಬಿಟ್ಟವರನ್ನ ಬೈಯೋದು ಸುಲಭ, ಆಪರೇಷನ್ ಎಲ್ಲಿ ಮಾಡಿಸ್ಬೇಕು ಹೇಳಿ

1/6
ಫ್ರೆಂಡ್ಸ್, ಒಂದೇ ಪ್ರಶ್ನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನೀವು ಯಾವ ತಾಲ್ಲೂಕಿನವರಾದ್ರೂ ಸರಿ. ಮನೆಯ ಹೆಣ್ಣು ನಾಯಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸ್ಬೇಕು ಅಂದ್ರೆ ಎಲ್ಲಿಗೆ ಹೋಗ್ತೀರಿ? ಎಷ್ಟು ದುಡ್ಡು ಬೇಕು? ತಕ್ಷಣ ಉತ್ತರ ಬರ್ಲಿಲ್ಲ ಅಲ್ವಾ? ಸಮಸ್ಯೆ ಇರೋದೇ ಅಲ್ಲಿ.

2/6
ನಾವು ಬಿಕಾಂನವರು, ಲೆಕ್ಕ ಹಾಕೋಣ. ನಾಯಿ ಗಬ್ಬ ನಿಂತ್ರೆ ಸುಮಾರು 63 ದಿನಕ್ಕೆ ಮರಿ ಹಾಕುತ್ತೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತೆ. ಸೂಲಿಗೆ 5 ಮರಿ ಅಂದ್ಕೊಂಡ್ರೂ ವರ್ಷಕ್ಕೆ 10. ಗಂಡು ಮರಿ ಕೇಳಿ ತಗೊಂಡು ಹೋಗ್ತಾರೆ. ಹೆಣ್ಣು ಮರಿ ಗೋಣಿಚೀಲ ಸೇರಿ ಸಂತೆ ಮೈದಾನಕ್ಕೆ ಹೋಗುತ್ತೆ. ಬದುಕಿದ್ರೆ ವರ್ಷ ತುಂಬೋದ್ರೊಳಗೆ ಅದಕ್ಕೂ ಬೆದೆ. ಆಮೇಲೆ 'ಬೀದಿನಾಯಿ ಕಾಟ' ಅಂತ ನಾವೇ ಸ್ಟೋರಿ ಹಾಕ್ತೀವಿ. ಆ ನಾಯಿಗಳಲ್ಲಿ ಎಷ್ಟೋ ನಮ್ಮ ಹಿತ್ತಲಿಂದಲೇ ಹೋದವು.

3/6
2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ ಏನು ಹೇಳುತ್ತೆ? ಬೀದಿನಾಯಿ ಆಪರೇಷನ್ ಸ್ಥಳೀಯ ಸಂಸ್ಥೆಯ ಹೊಣೆ, ಸಾಕಿದ ನಾಯಿದು ಮಾಲೀಕರ ಹೊಣೆ. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶ, ನವೆಂಬರ್ 7ರ ಆದೇಶ, ಎರಡರಲ್ಲೂ ಆಪರೇಷನ್, ಲಸಿಕೆ ತಪ್ಪಲ್ಲ. ಸರಿ, ಹೊಣೆ ನಮ್ದೇ. ಆದ್ರೆ ಗ್ಯಾಸ್ ಸಿಗದ ಊರಲ್ಲಿ ಸೌದೆ ಉರಿಸ್ಬೇಡಿ ಅಂದಂಗಾಯ್ತಲ್ಲ ಇದು?

4/6
'ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಹೋಗಿ' ಅಂತೀರಾ? ನ್ಯಾಮತಿಯವರಿಗೆ ಹತ್ತಿರ. ಜಗಳೂರಿಂದ 100 ಕಿ.ಮೀ. ಮೇಲೆ! ತುಂಬಿದ ಬಸ್ಸಲ್ಲಿ ನಾಯಿ ಕರ್ಕೊಂಡು ಹೋಗೋಕಾಗುತ್ತಾ? ಬಾಡಿಗೆ ಗಾಡಿ, ಒಂದು ದಿನದ ಕೂಲಿ ಎರಡೂ ಹೋಯ್ತು. ಆಪರೇಷನ್ ಫ್ರೀ ಆದ್ರೂ ದಾರಿ ಫ್ರೀ ಅಲ್ಲ.

5/6
'ಸರ್ಕಾರಕ್ಕೆ ಬೇರೆ ಕೆಲಸ ಇಲ್ವಾ?' ಅನ್ನೋರಿಗೆ: ಕಾಲುಬಾಯಿ ಜ್ವರದ ಲಸಿಕೆ ಕೊಟ್ಟಿಗೆ ಬಾಗಿಲಿಗೇ ಬರುತ್ತೆ. 1962ಕ್ಕೆ ಫೋನ್ ಮಾಡಿದ್ರೆ ಪಶು ಆಂಬುಲೆನ್ಸ್ ಇದೆ. ಅಂದ್ರೆ ಮನಸ್ಸು ಮಾಡಿದ್ರೆ ಆಗುತ್ತೆ. ಹೆಣ್ಣು ನಾಯಿದು ಹೊಟ್ಟೆ ಕುಯ್ಯೋ ಆಪರೇಷನ್, ಅರಿವಳಿಕೆ ಬೇಕು, ಹೊಲಿಗೆ ಬೇಕು. ಗೊತ್ತು. ಅದಕ್ಕೇ ದಿನಾ ಕೇಳ್ತಿಲ್ಲ, ತಿಂಗಳಿಗೊಂದು ದಿನ ಸಾಕು. ಅದೇ ದಿನ ರೇಬೀಸ್ ಲಸಿಕೆನೂ ಹಾಕಿ. ರೇಬೀಸ್ ಲಕ್ಷಣ ಕಾಣಿಸ್ಕೊಂಡ ಮೇಲೆ ಮನುಷ್ಯ ಉಳಿಯೋದು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ.

'ಹಿಡಿದು ಬೇರೆ ಊರಿಗೆ ಬಿಡಿ' ಅನ್ನೋರೇ, ಆ ಊರಲ್ಲೂ ಮಕ್ಕಳಿದ್ದಾರೆ. ಬಿಸ್ಕೆಟ್ ಹಾಕಿ ರೀಲ್ಸ್ ಮಾಡೋರೇ, ಬಿಸ್ಕೆಟ್‌ನಿಂದ ಮರಿ ನಿಲ್ಲಲ್ಲ.

6/6
ನಮ್ಮ ಬೇಡಿಕೆ ಇಷ್ಟೇ. ನಾಲ್ಕೂ ತಾಲ್ಲೂಕು ಪಶು ಆಸ್ಪತ್ರೆಯ ಬೋರ್ಡ್ ಮೇಲೆ ಎರಡು ಸಾಲು ಇರ್ಲಿ: ನಾಯಿ, ಬೆಕ್ಕಿನ ಆಪರೇಷನ್ ಯಾವ ದಿನ, ದರ ಎಷ್ಟು. ಬಿಪಿಎಲ್ ಕಾರ್ಡ್ ಇದ್ದವರಿಗೆ ಉಚಿತ ಮಾಡಿ.

ಈ ವಾರ ನಾಲ್ಕು ಜನ ಸೇರಿ ಪಶು ಆಸ್ಪತ್ರೆಗೆ ಒಂದು ಅರ್ಜಿ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಗೆ ಒಂದು ಅರ್ಜಿ ಕೊಡಿ. ಹಳ್ಳಿಯವರು ಗ್ರಾಮಸಭೆಯಲ್ಲಿ ಕೇಳಿ. ಬಾಯಲ್ಲಿ ಹೇಳಿ ಬರ್ಬೇಡಿ, ಬರೆದು ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಸೀಲ್ ಬಿದ್ದ ಕಾಪಿಯ ಫೋಟೊ ನನಗೆ ಟ್ಯಾಗ್ ಮಾಡಿ. ಯಾವ ತಾಲ್ಲೂಕು ಮೊದಲು?

#ದಿನಹೇಳಿದರಹೇಳಿ #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು